ಪುಟ್ಟಬಸಪ್ಪ ಮಕ್ಕಳಿಗೊಂದು ಸಮುದ್ರ ಹುಡುಕಿದ್ದು

ಮಾಂಬಳ್ಳಿಯ ಬೆಲ್ಲದ ಪುಟ್ಟಬಸಪ್ಪ ಹುಟ್ಟಿದಾಗಿನಿಂದ ಒಂದೇ ಒಂದು ಸುಳ್ಳು ಹೇಳಿದವನಲ್ಲ. ಈ ವಿಷಯವನ್ನು ಅವನೇ ಕಂಡಕಂಡವರಿಗೆಲ್ಲ ಹೇಳುತ್ತಿದ್ದುದರಿಂದ ಸುತ್ತಿನ ಊರುಗಳಿಗೆಲ್ಲ ಗೊತ್ತಿತ್ತು. ಸುಳ್ಳು ಹೇಳದೆ ಬೆಲ್ಲ ಮಾರುವುದು ಹೇಗೆ ಎಂದು ಸಂತೆಯ ಮಿಕ್ಕ ವ್ಯಾಪಾರಿಗಳು ತಲೆ ಕೆರೆದುಕೊಂಡು ಕೆರೆದುಕೊಂಡು ಅರ್ಧಕ್ಕರ್ಧ ಜನ ಬೋಳಾಗಿಹೋಗಿದ್ದರು. ಅದರಲ್ಲಿ ಗುಟ್ಟೇನೂ ಇರಲಿಲ್ಲ. "ಬೆಲ್ಲ ಹೊಸದೇನಪ್ಪ?" ಎಂದು ಯಾರಾದರೂ ಕೇಳಿದರೆ, "ಇವತ್ತು ಬೆಳಿಗ್ಗೆ ಗಾಡಿಯಿಂದ ಇಳಿಸಿದ್ದು ಕಣ್ರಿ" ಎನ್ನುತ್ತಿದ್ದ. ಇಳಿಸಿದ್ದು ನಿಜ. ಗಾಡಿಗೆ ಏರುವ ಮುಂಚೆ ಆ ಬೆಲ್ಲ ಅಟ್ಟದ ಮೇಲೆ ಎಷ್ಟು ಯುಗಾದಿ ಕಂಡಿತ್ತು ಎಂದು ಕೇಳಿದ್ದರೆ ಅದನ್ನೂ ಹೇಳುತ್ತಿದ್ದ. ಯಾರೂ ಕೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡುವುದು ಅಧಿಕಪ್ರಸಂಗ ಎಂಬುದು ಅವನ ಅಭಿಪ್ರಾಯ.

ಆಳು ಗಟ್ಟಿ. ಒಮ್ಮೆ ಸಂತೆಯ ದಾರಿಯಲ್ಲಿ ಜೋಡೆತ್ತಿನಲ್ಲೊಂದು ಕುಂಟಿತು. ಪುಟ್ಟಬಸಪ್ಪ ಅದನ್ನೆತ್ತಿ ಗಾಡಿಯಲ್ಲಿ ಕೂರಿಸಿ, ನೊಗದ ಆ ಕಡೆಗೆ ತಾನೇ ಹೆಗಲು ಕೊಟ್ಟು ಕೊಳ್ಳೇಗಾಲ ಮುಟ್ಟಿಸಿದ. ಗಾಡಿಯಲ್ಲಿ ಕೂತ ಎತ್ತು ದಾರಿಯುದ್ದಕ್ಕೂ ಮೆಲುಕು ಹಾಕುತ್ತ, ಎದುರು ಬಂದ ಗಾಡಿಗಳ ಎತ್ತುಗಳನ್ನು ಕಂಡು ಕಣ್ಣು ಮಿಟುಕಿಸಿತೆಂದು ನೋಡಿದವರು ಹೇಳುತ್ತಾರೆ. ಹಾವು, ಚಿರತೆ, ಅಮಲ್ದಾರ, ಅತ್ತೆ, ಇವು ಯಾವುದಕ್ಕೂ ಹೆದರದ ಈ ಮನುಷ್ಯ ಹೆದರುತ್ತಿದ್ದುದು ನೀರಿಗೆ. ಚೊಂಬಿನಲ್ಲಿದ್ದರೆ ಸರಿ, ಹಂಡೆಯಲ್ಲಿದ್ದರೆ ಸ್ವಲ್ಪ ದೂರ. ಸುವರ್ಣಾವತಿ ಹೊಳೆ ದಾಟುವಾಗ ಎತ್ತಿನ ಗೊರಸು ನೆಂದರೆ ಸಾಕು, ಗಾಡಿಯ ಮೇಲೆ ಎದ್ದು ನಿಲ್ಲುತ್ತಿದ್ದ. ಮೊಣಕಾಲು ನೆಂದರೆ ಮಾದಪ್ಪನ ಬೆಟ್ಟಕ್ಕೆ ಹರಕೆ ಕಟ್ಟುತ್ತಿದ್ದ. ಹೀಗೆ ಕಟ್ಟಿದ ಹರಕೆಗಳನ್ನೆಲ್ಲ ತೀರಿಸಬೇಕೆಂದರೆ ಇನ್ನೂ ಏಳು ಜನ್ಮ ಬೆಟ್ಟ ಹತ್ತುತ್ತಲೇ ಇರಬೇಕಿತ್ತು.

ಇದಕ್ಕೆಲ್ಲ ಕಾರಣ ಸತ್ತೇಗಾಲದಲ್ಲಿ ನಡೆದ ಅವನ ಮದುವೆ. ಧಾರೆಯ ದಿನ ಬೆಳಿಗ್ಗೆ ಕಾವೇರಿಯಲ್ಲಿ ಮೀಯಲು ಹೋದ ಮದುಮಗ ಪಾಚಿ ಮೆಟ್ಟಿ ಜಾರಿ ಮಡುವಿಗೆ ಬಿದ್ದ. ಅಂದು ಅವನು ಕುಡಿದ ನೀರಿಗೆ ಕೆಳಗಿನ ಊರುಗಳ ಭತ್ತ ಆ ವರ್ಷ ಒಣಗಿತು. ಬಟ್ಟೆ ಒಗೆಯುತ್ತಿದ್ದವನೊಬ್ಬ ಜುಟ್ಟು ಹಿಡಿದೆಳೆದು ದಡಕ್ಕೆ ಹಾಕಿ, ಹೊಟ್ಟೆ ಒತ್ತಿ, ಯಾರಿಗೂ ಹೇಳುವುದಿಲ್ಲವೆಂದು ಪ್ರಮಾಣ ಮಾಡಿದ. ಹಸೆಮಣೆಗೆ ತಡವಾಗಿ ಬಂದ ಅಳಿಯನನ್ನು ಮಾವ ಕೇಳಿದ್ದು ಇಷ್ಟೇ: "ಸ್ನಾನ ಚೆನ್ನಾಗಾಯ್ತಾ?" ಪುಟ್ಟಬಸಪ್ಪ, "ಚೆನ್ನಾಗಿ ಮುಳುಗಿದೆ ಮಾವ" ಎಂದ. ಅದೂ ನಿಜವೇ. ಹಾಗಾಗಿ ಹೆಂಡತಿ ಚನ್ನಾಜಮ್ಮನಿಗೆ ಮೂರು ಮಕ್ಕಳಾದರೂ ಗಂಡನ ಈ ಭಯದ ವಿಷಯ ಗೊತ್ತಿರಲಿಲ್ಲ. ಅದು ಗೊತ್ತಾಗದೆ ಇರುವುದೇ ಪುಟ್ಟಬಸಪ್ಪನಿಗೆ ಮರ್ಯಾದೆಯ ಪ್ರಶ್ನೆಯಾಗಿತ್ತು.

ಹೀಗಿರುವಾಗ ಒಂದು ಬೇಸಿಗೆಯಲ್ಲಿ ಚನ್ನಾಜಮ್ಮನ ತಂಗಿ ಶಿವರತ್ನಮ್ಮ ಗಂಡ ಮಕ್ಕಳೊಂದಿಗೆ ಬಂದಿಳಿದಳು. ಅವಳ ಗಂಡ ರುದ್ರಸ್ವಾಮಿ ಕೊಳ್ಳೇಗಾಲದ ಅರಣ್ಯ ಕಚೇರಿಯಲ್ಲಿ ಗುಮಾಸ್ತ. ಆಗ ನಮ್ಮ ಸೀಮೆಯ ಹಣೆಬರಹ ಹೇಗಿತ್ತೆಂದರೆ ಯಳಂದೂರು, ಮಾಂಬಳ್ಳಿ ಎಲ್ಲ ಮೈಸೂರಿಗೆ ಸೇರಿದ್ದು. ಗಾಡಿ ಹೂಡಿಕೊಂಡು ಒಂದು ಎಲೆಅಡಿಕೆ ಮೆಲ್ಲುವಷ್ಟು ದೂರ ಹೋದರೆ ಕೊಳ್ಳೇಗಾಲ, ಅದು ಮದರಾಸಿಗೆ ಸೇರಿದ್ದು. ಹನೂರು, ಬೆಟ್ಟಗುಡ್ಡ, ಅಲ್ಲಿನ ಆನೆಗಳು ಕೂಡ ಮದರಾಸಿನವೇ. ಮದರಾಸು ಸರಕಾರಕ್ಕೆ ಕೊಳ್ಳೇಗಾಲವೂ ಒಂದೇ, ಮಲಬಾರಿನ ಕಲ್ಲಿಕೋಟೆಯೂ ಒಂದೇ. ರುದ್ರಸ್ವಾಮಿಯನ್ನು ಎತ್ತಿ ಕಲ್ಲಿಕೋಟೆಗೆ ಹಾಕಿದರು. ಹೋಗುವಾಗ ಅಳುತ್ತ ಹೋದ ಶಿವರತ್ನಮ್ಮ ಬರುವಾಗ ಸಮುದ್ರವನ್ನು ತನ್ನ ಹೆಸರಿಗೆ ಖಾತೆ ಮಾಡಿಸಿಕೊಂಡವಳ ಹಾಗೆ ಬಂದಳು.

"ಅಕ್ಕಾ, ನಮ್ಮ ಮಕ್ಳು ಸಂಜೆಯಾದ್ರ ಸಮುದ್ರ ಅಂತವೆ. ಅನ್ನ ಬೇಡ, ನೀರು ಬೇಡ. ಆ ಗಾಳಿಗೆ ಅವಕ್ಕೆ ಕೆಮ್ಮೇ ಇಲ್ಲ ನೋಡು. ನಿಮ್ಮವ್ಯಾಕ ಇಂಗ ಒಣಗವೆ?" ಎಂದು ಜಗಲಿಯಲ್ಲಿ ಕೂತು ಶುರು ಹಚ್ಚಿದಳು.

ಚನ್ನಾಜಮ್ಮನ ಹಿರಿ ಮಗಳು ಈರಮ್ಮ ಕೇಳಿದಳು: "ಚಿಕ್ಕವ್ವ, ಸಮುದ್ರ ನಮ್ಮೂರ ಕೆರೆಗಿಂತ ದೊಡ್ಡದಾ?"

ಶಿವರತ್ನಮ್ಮನ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕವು. ಶಿವರತ್ನಮ್ಮ ನಗಲಿಲ್ಲ, ಅವಳು ಈರಮ್ಮನ ತಲೆ ಸವರಿ, "ಪಾಪ" ಎಂದಳು.

ಆ ಎರಡಕ್ಷರ ಚನ್ನಾಜಮ್ಮನ ಎದೆಗೆ ಒನಕೆಯ ಹಾಗೆ ಬಿತ್ತು. ಅವಳು ಎದ್ದು ನಿಂತು ಸೆರಗು ಬಿಗಿದು, "ನಮ್ಮೋರೂ ಈ ಬೇಸ್ಗೇಲಿ ಮಕ್ಕಳ್ನ ಸಮುದ್ರಕ್ಕ ಕರ್ಕೊಂಡೋಯ್ತಾವ್ರೆ ಕನೆ. ನಾನೇ ಏಳಿರ್ನಿಲ್ಲ. ಕೇಳ್ನೋಡು ಬೇಕಾದ್ರ" ಎಂದಳು.

ಎಲ್ಲರೂ ಪುಟ್ಟಬಸಪ್ಪನ ಕಡೆ ತಿರುಗಿದರು. ಅವನು ಆಗಷ್ಟೇ ಬಾಯಿಗೆ ಹಾಕಿಕೊಂಡಿದ್ದ ಅಡಿಕೆ ಚೂರು ಗಂಟಲಿಗೆ ಇಳಿದು ಸಿಕ್ಕಿಕೊಂಡಿತು. ಉಸಿರು ಬಿಡಲಾರದೆ ತಲೆಯನ್ನು ಮೇಲಕ್ಕೂ ಕೆಳಕ್ಕೂ ಆಡಿಸಿದ. ನೋಡಿದವರಿಗೆ ಅದು ಹೌದೆಂದ ಹಾಗೆ ಕಂಡಿತು. ಅಡಿಕೆ ಹೊರಗೆ ಬರುವ ಹೊತ್ತಿಗೆ ಸಮುದ್ರ ಒಳಗೆ ಬಂದಾಗಿತ್ತು. ಸುಳ್ಳು ಹೇಳದವನ ತಲೆ ಸುಳ್ಳು ಆಡುವುದುಂಟೆ?

ತಂಗಿಯ ಸಂಸಾರ ಬೇಸಿಗೆ ಕಳೆಯಲು ಸತ್ತೇಗಾಲದ ತವರಿಗೆ ಹೋದ ಮೇಲೆ, ಪುಟ್ಟಬಸಪ್ಪ ಹೆಂಡತಿಯ ಹತ್ತಿರ ಮೆಲ್ಲಗೆ ಬಾಯಿಬಿಟ್ಟ. "ಅಲ್ಲ ಕನೆ, ಸಮುದ್ರ ಅಂದ್ರ ನಿಮ್ಮೂರ ಪಕ್ಕದಲ್ಲೇ ಶಿವನಸಮುದ್ರ ಅದಲ್ಲ."

ಚನ್ನಾಜಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. "ನೋಡಿ, ನಾನು ಸತ್ತೇಗಾಲದಲ್ಲಿ ಉಟ್ಟಿ ಬೆಳೆದೋಳು. ಶಿವನಸಮುದ್ರ ಅಂದ್ರ ಬೀಳೋ ನೀರು ಅಂತ ನಂಗೊತ್ತಿಲ್ವಾ? ಎಸರಲ್ಲಿ ಸಮುದ್ರ ಇದ್ರ ಸಾಲ್ದು. ಮರಳಿರ್ಬೇಕು, ಮಕ್ಳು ಆಡಕ. ಆಚೆ ದಡ ಕಾಣ್ಬಾರ್ದು. ಎಲ್ಲಕ್ಕಿಂತ ಮುಂದಾಗಿ ನೀರು ಉಪ್ಪಗಿರ್ಬೇಕು. ನಾನು ಬಾಯ್ಗ ಆಕ್ಕೊಂಡೇ ನೋಡೋದು. ಉಪ್ಪಿಲ್ದಿದ್ರ ಅಲ್ಲಿಂದ್ಲೇ ತವರಿಗೋಯ್ತೀನಿ. ರತ್ನಿ ಮುಂದ ನನ್ ಮೊಖ ಉಳ್ಸಿ, ಆಮೇಲ ಏನಾರ ಮಾಡ್ಕೊಳಿ."

ಒಲೆಯ ಮುಂದಿದ್ದ ಅವನ ತಾಯಿ ದೊಡ್ಡಬಸಮ್ಮ ತನ್ನದೊಂದು ಷರತ್ತು ಸೇರಿಸಿದಳು: "ಮೀನ್ ವಾಸ್ನೆ ಬರೋ ಕಡೆ ನನ್ನ ಮೊಮ್ಮಕ್ಕಳ್ನ ಕರ್ಕೊಂಡೋಗ್ಬೇಡ ಮಗ. ಮೂಗಲ್ಲಿ ಒಳಗೋದ್ರೂ ಒಳಗೋದಂಗೇಯ. ಅತ್ರದಲ್ಲಿ ಶಿವನ ಗುಡಿ ಇರ್ಲಿ."

ಪುಟ್ಟಬಸಪ್ಪನ ಸ್ವಂತ ಷರತ್ತೊಂದಿತ್ತು. ಅದನ್ನು ಹೇಳಲಿಲ್ಲ. ಸಮುದ್ರದಲ್ಲಿ ನೀರು ಆದಷ್ಟು ಕಡಿಮೆ ಇರಬೇಕು.

ಇಷ್ಟು ಗುಣಗಳಿರುವ ಸಮುದ್ರವನ್ನು ದೇವರು ಸೃಷ್ಟಿಸಿದ್ದಾನೋ ಇಲ್ಲವೋ ಎಂಬ ವಿಚಾರ ಅವನ ಅಂಗಡಿಯ ಕಟ್ಟೆಯ ಮೇಲೆ ಚರ್ಚೆಗೆ ಬಂತು. ಕಟ್ಟೆಗೆ ದಿನವೂ ಬರುತ್ತಿದ್ದ ದೊಡ್ಡಮಾದಪ್ಪ ಜಗತ್ತನ್ನೆಲ್ಲ ಸುತ್ತಿದ ಮನುಷ್ಯ, ಅಂದರೆ ಸತ್ಯಮಂಗಲದವರೆಗೆ ಹೋಗಿದ್ದ. ಅವನಿಗೆ ಸಮುದ್ರಗಳ ಒಳಗುಟ್ಟೆಲ್ಲ ಗೊತ್ತಿತ್ತು.

"ಮದರಾಸಿನ ಸಮುದ್ರ ಬೇಡ ಕಣ್ಲಾ ಪುಟ್ಟಬಸ. ಅಲ್ಲಿ ನೀರಿಗಿಂತ ಜನವೇ ಜಾಸ್ತಿ. ಕೈಬಿಟ್ಟ ಕೂಸು ಸಂಜೆಗೆ ಇನ್ನೊಬ್ಬರ ಮನೇಲಿ ತಮಿಳು ಮಾತಾಡ್ತಾ ಕೂತಿರ್ತದೆ."

"ಕಲ್ಲಿಕೋಟೆ?"

"ಅಲ್ಲಿ ಗಾಳಿಯೇ ಮೀನು. ಉಸಿರೆಳ್ಕೊಂಡ್ರ ಮುಳ್ಳು ಸಿಕ್ಕಂತದೆ. ನಿನ್ನ ಷಡ್ಡಕನ ಮನೇಲಿ ಇಳ್ಕೋಬೇಕು ಬೇರೆ. ನಿನ್ ಎಂಡ್ರು ಅದ್ಕಿಂತ ನೀರಿಗೆ ಬೀಳೋದೇ ಮೇಲು ಅಂತಾಳೆ."

ನೀರಿಗೆ ಬೀಳುವ ಮಾತು ಕೇಳಿ ಪುಟ್ಟಬಸಪ್ಪ ಬೆವರು ಒರೆಸಿಕೊಂಡ. "ರಾಮೇಶ್ವರಾನಾರ ಆದೀತಾ? ಅಲ್ಲಿ ಶಿವನಿದ್ದಾನಲ್ಲ."

"ಅವ್ನೆ. ಆದ್ರ ರೈಲು ಸಮುದ್ರದ ಮ್ಯಾಲೇ ಓಯ್ತದಂತೆ. ಎಡಕ್ಕೂ ನೀರು, ಬಲಕ್ಕೂ ನೀರು, ಕೆಳಗೂ ನೀರು. ಕಿಟಕೀಲಿ ತಲೆ ಆಕಿದ್ರ ಮೀನೇ ಎದ್ದು ಟಿಕೀಟು ಕೇಳ್ತದೆ. ಅದೂ ಅಲ್ದೆ ಅಲ್ಲಿಗೋಗೋದು ಪಾಪ ತೊಳ್ಕೊಳ್ಳಾಕ. ನಿನ್ನ ಕೈಗೂಸು ಏನ್ ಪಾಪ ಮಾಡೀತ್ಲಾ, ತೊಳ್ಯಾಕ? ಬೇಕಾದ್ರ ನೀನೊಬ್ನೇ ಓಗು. ನಿನ್ ಬೆಲ್ಲ ಒಂದ್ಕೇ ಆ ಸಮುದ್ರ ಸಾಲ್ದು."

ಮಂಗಳೂರಿನ ಮಾತೂ ಬಂತು. ಘಟ್ಟ ಇಳಿಯುವಾಗ ಬಸ್ಸಿನ ಹಿಂದೆ ಹುಲಿ ಓಡಿ ಬರುತ್ತದೆಂದೂ, ಅದು ಡ್ರೈವರಿಗೆ ಪರಿಚಯವೆಂದೂ ದೊಡ್ಡಮಾದಪ್ಪ ಹೇಳಿದ ಮೇಲೆ ಮಂಗಳೂರೂ ಬಿತ್ತು. ಭಾರತ ದೇಶದ ಸಮುದ್ರಗಳನ್ನೆಲ್ಲ ಹೀಗೆ ಒಂದೊಂದಾಗಿ ಮುಚ್ಚಿ ಮುಗಿಸಿದ ಮೇಲೆ ಪುಟ್ಟಬಸಪ್ಪ ಹಳೇ ಬೆಲ್ಲದ ಅಚ್ಚಿನ ಹಾಗೆ ಮೆತ್ತಗಾಗಿ ಕೂತ.

ದೊಡ್ಡಮಾದಪ್ಪನಿಗೆ ಕನಿಕರ ಹುಟ್ಟಿತು. "ನಮ್ಮಣ್ಣನ ಮಾವನ ಊರು ಹನೂರಿನಾಚೆ, ಬೆಟ್ಟದ ಬುಡದಲ್ಲದೆ. ಅಲ್ಲೊಂದು ಬಸವನಸಮುದ್ರ ಅದೆ."

"ಅದು ಕೆರೆ ಅಲ್ವೇನ್ಲಾ?"

"ನೀರು ನಿಂತದೆ. ಕಟ್ಟಿಸ್ದೋನು ಸಮುದ್ರ ಅಂತ ಎಸರಿಟ್ಟವ್ನೆ. ನಮ್ಮ ಕಡೆ ಯಾವ ಪಾಳೇಗಾರ ಗುಂಡಿ ತೋಡಿಸಿದ್ರೂ ಸಮುದ್ರಾನೇ ಅಲ್ವಾ? ಏರಿ ಮ್ಯಾಲ ಬಸವನ ಗುಡಿ ಅದೆ, ನಿಮ್ಮವ್ವನ್ಗ ಆಯ್ತು. ಬೇಸ್ಗೇಲಿ ನೀರು ಇಂದಕ್ಕೋಗಿ ಮರಳು ಬಿಟ್ಟದೆ, ಮಕ್ಳಿಗಾಯ್ತು. ಬೆಳಗಿನ ಮಂಜಲ್ಲಿ ಆಚೆ ದಡ ಕಾಣಾಕಿಲ್ಲ. ಮೀನು ಇರ್ಬೋದು, ವಾಸ್ನೆ ಇಲ್ಲ. ಮುಂದ್ಗಡೆ ಭಾಗದಲ್ಲಿ ಎಮ್ಮೆ ಮಲಗಿದ್ರ ಬೆನ್ನು ನೆನ್ಯಾಕಿಲ್ಲ, ಅಷ್ಟೇ ನೀರು."

ಕೊನೆಯ ಮಾತು ಕೇಳಿ ಪುಟ್ಟಬಸಪ್ಪನ ಕಣ್ಣಿಗೆ ಬೆಳಕು ಬಂತು. ಹನೂರು ಮದರಾಸಿಗೆ ಸೇರಿದ್ದು. ಹಾಗಾದರೆ ಅಲ್ಲಿರುವುದು ಮದರಾಸು ಸೀಮೆಯ ಸಮುದ್ರ. ಇದರಲ್ಲಿ ಒಂದಕ್ಷರ ಸುಳ್ಳಿದೆಯೇ? ಎತ್ತಿ ಅಲುಗಾಡಿಸಿ ನೋಡಿದ, ಇರಲಿಲ್ಲ. ಉಳಿದದ್ದು ಉಪ್ಪು. ಅದು ಕೊಳ್ಳೇಗಾಲದ ಅಂಗಡಿಗಳಲ್ಲಿ ಮೂಟೆಗಟ್ಟಲೆ ಸಿಗುತ್ತದೆ.

ಮನೆಗೆ ಹೋಗಿ, "ಮದರಾಸು ಸೀಮೇಲಿ ಒಂದು ಒಳ್ಳೇ ಸಮುದ್ರ ಗೊತ್ತಾಯ್ತು. ಮಕ್ಕಳಿಗೆ ಏಳಿ ಮಾಡಿಸಿದಂಗದೆ" ಎಂದ. ಚನ್ನಾಜಮ್ಮನ ಮುಖ ಅರಳಿತು. ಪುಟ್ಟಬಸಪ್ಪ ಅದನ್ನು ನೋಡಲಾರದೆ ಗಾಡಿಯ ಗಾಲಿಗೆ ಎಣ್ಣೆ ಹಾಕಲು ಎದ್ದುಹೋದ.

ಕಮಾನು ಗಾಡಿಗೆ ಹುಲ್ಲು ಹಾಸಿ, ಮೇಲೆ ಜಮಖಾನ ಹಾಸಿದರು. ರೊಟ್ಟಿ, ಹುಚ್ಚೆಳ್ಳು ಚಟ್ನಿ, ಬುತ್ತಿ ಅನ್ನ, ಕಜ್ಜಾಯ. ದೊಡ್ಡಬಸಮ್ಮ ಹಸು ನೋಡಿಕೊಳ್ಳಲು ಮನೆಯಲ್ಲೇ ಉಳಿದಳು. ಬಿಸಿಲು ಇಳಿದ ಮೇಲೆ ಗಾಡಿ ಹೊರಟಿತು. ಕೊಳ್ಳೇಗಾಲಕ್ಕೆ ಇನ್ನಷ್ಟು ದೂರ ಇರುವಾಗಲೇ ಮೈಸೂರು ಮುಗಿಯುವ ಗಡಿ ಬಂತು. ಅಲ್ಲಿ ದವಸ ಧಾನ್ಯ ಕದ್ದು ಸಾಗಿಸುವವರನ್ನು ಹಿಡಿಯಲು ಮರದ ದಿಮ್ಮಿ ಅಡ್ಡ ಹಾಕಿಕೊಂಡು ಪೇದೆಯೊಬ್ಬ ಕೂತಿದ್ದ. ಗಾಡಿಯಲ್ಲಿ ಮಕ್ಕಳನ್ನು ಬಿಟ್ಟರೆ ಬೇರೇನೂ ಸಿಗದೆ ಬೇಸರವಾಗಿ ಬಿಟ್ಟುಬಿಟ್ಟ. ರಾತ್ರಿ ಕೊಳ್ಳೇಗಾಲದ ಛತ್ರದಲ್ಲಿ ಮಲಗಿ, ಬೆಳಿಗ್ಗೆ ಪುಟ್ಟಬಸಪ್ಪ ಪೇಟೆಗೆ ಹೋಗಿ ಒಂದು ಮೂಟೆ ಕಲ್ಲುಪ್ಪು ತಂದು ಗಾಡಿಗೆ ಹಾಕಿದ.

"ಉಪ್ಪು ಯಾಕ?" ಎಂದಳು ಚನ್ನಾಜಮ್ಮ.

"ಸಮುದ್ರಕ್ಕ ಆಕಾಕ."

ಅವಳು ಅದನ್ನು ಹರಕೆ ಎಂದುಕೊಂಡು ಮೂಟೆಗೆ ಕೈಮುಗಿದಳು. ಪುಟ್ಟಬಸಪ್ಪ ಎತ್ತಿನ ಬಾಲ ನೋಡುತ್ತ ಕೂತ.

ಊರ ಹೊರಗೆ ಮದರಾಸಿನ ಪೇದೆ ಗಾಡಿ ನಿಲ್ಲಿಸಿದ. "ಮೂಟೆಯಿಲ್ ಎನ್ನ?" ಎಂದು ತಮಿಳಿನಲ್ಲಿ ಕೇಳಿದ.

"ಉಪ್ಪು."

"ಎಲ್ಲಿಗೆ ತಗೊಂಡು ಹೋಗೋದು?" ಎಂದ, ಈ ಸಲ ಅವನಿಗೆ ಬಂದಷ್ಟು ಕನ್ನಡದಲ್ಲಿ.

"ಸಮುದ್ರಕ್ಕ ಸಾ."

ಪೇದೆ ಗಾಡಿಗೆ ಒಂದು ಸುತ್ತು ಬಂದ. ಪುಟ್ಟಬಸಪ್ಪನ ಮುಖವನ್ನು ಬಗ್ಗಿ ನೋಡಿದ. ತನ್ನ ಸೇವೆಯಲ್ಲಿ ಅಕ್ಕಿ ಕಳ್ಳರನ್ನು, ಗಂಧದ ಕಳ್ಳರನ್ನು ಕಂಡಿದ್ದ. ಸಮುದ್ರಕ್ಕೆ ಉಪ್ಪು ಸಾಗಿಸುವವನನ್ನು ಹಿಡಿಯಲು ಯಾವ ಕಾನೂನೂ ನೆನಪಾಗಲಿಲ್ಲ. ಹಿಂದೆ ಕೂತ ಚನ್ನಾಜಮ್ಮನನ್ನು ನೋಡಿ, "ಪಾತ್ತು ಪೋಂಗಮ್ಮ, ಹುಷಾರು" ಎಂದು ಮೆದುವಾಗಿ ಹೇಳಿ ದಾರಿ ಬಿಟ್ಟ.

ಬಸವನಸಮುದ್ರಕ್ಕೆ ಬಂದಾಗ ಕತ್ತಲು ಕವಿಯುತ್ತಿತ್ತು. ಏರಿಯ ಮೇಲಿನ ಗುಡಿಯ ಬಳಿ ಗಾಡಿ ಬಿಟ್ಟು, ಆಚೆಗೆ ಹಬ್ಬಿದ ಬೂದು ಬಣ್ಣವನ್ನು ತೋರಿಸಿ ಪುಟ್ಟಬಸಪ್ಪ, "ಅಗೋ" ಎಂದ. ಮಕ್ಕಳು ಅಗೋ ಎಂದವು. ಚನ್ನಾಜಮ್ಮ ತುಂಬ ಹೊತ್ತು ನೋಡಿ, ಕೈಗೂಸಿಗೆ ತೋರಿಸಲು ಅದನ್ನು ಎತ್ತಿ ಹಿಡಿದಳು. ರುಚಿ ನೋಡುವುದು ಬೆಳಿಗ್ಗೆ ಎಂದಾಯಿತು.

ಮಾರನೆಯ ದಿನ ಮೂಡಣ ಕೆಂಪಾಗುವಾಗ ಪುಟ್ಟಬಸಪ್ಪ ಮೂಟೆ ಹೊತ್ತು ಏರಿಯಿಂದ ಕೆಳಗಿಳಿದ. ದಂಡೆಯಲ್ಲಿ ಮರಳು ಬಗೆದು ಗುಂಡಿ ಮಾಡಿ, ಸಮುದ್ರದಿಂದ ಒಂದು ಸಣ್ಣ ಕಾಲುವೆ ತೆಗೆದು ನೀರು ಬಿಟ್ಟುಕೊಂಡು, ತಾನು ಒಣ ಮರಳ ಮೇಲೇ ನಿಂತು ಉಪ್ಪು ಸುರಿದ. ಗಾಡಿಯ ಗೂಟದಿಂದ ಕದಡಿದ. ಹೆಂಡತಿ ಇಳಿದು ಬರುವ ದಾರಿ ನೇರ ಇಲ್ಲಿಗೇ. ಬಗ್ಗಿ ಬೊಗಸೆ ಹಾಕುವುದೂ ಇಲ್ಲಿಗೇ. ಲೆಕ್ಕವೆಲ್ಲ ಸರಿಯಿತ್ತು. ಒಂದು ಪ್ರಾಣಿಯನ್ನು ಮಾತ್ರ ಮರೆತಿದ್ದ.

ಎಮ್ಮೆಗೆ ಉಪ್ಪಿನ ವಾಸನೆ ಹತ್ತುತ್ತದೆಯೋ ಇಲ್ಲವೋ ಪಂಡಿತರು ಹೇಳಬೇಕು. ಬಸವನಸಮುದ್ರದ ಎಮ್ಮೆಗಳಿಗೆ ಹತ್ತಿತು. ಮೊದಲು ಒಂದು ಬಂತು, ನೆಕ್ಕಿತು, ತಲೆಯೆತ್ತಿ ಊರಿನ ಕಡೆಗೆ ಒಮ್ಮೆ ಕೂಗಿತು. ಅದು ಏನು ಹೇಳಿತೋ, ಮರುಕ್ಷಣ ಹಗ್ಗ ಹರಿದುಕೊಂಡು, ಗೂಟ ಕಿತ್ತುಕೊಂಡು, ಒಂದೆರಡು ಕೊಟ್ಟಿಗೆಯ ಬಾಗಿಲನ್ನೇ ಕೊರಳಿಗೆ ಹಾಕಿಕೊಂಡು ಊರ ಎಮ್ಮೆಗಳೆಲ್ಲ ಏರಿ ಇಳಿದವು. ಅವುಗಳ ಹಿಂದೆ ಓಡಿ ಬಂದವನು ನೀರಗಂಟಿ ದೊಡ್ಡಸಿದ್ದಯ್ಯ. ಗದ್ದೆಗಳಿಗೆ ತೂಬು ತೆಗೆದು ನೀರು ಬಿಡುವವನು ಅವನು. ಆ ನೀರಿನ ಒಂದೊಂದು ಹನಿಯನ್ನೂ ಹೆಸರು ಹಿಡಿದು ಕೂಗುವವನ ಹಾಗೆ ನಡೆದುಕೊಳ್ಳುತ್ತಿದ್ದ.

"ಯಾರಪ್ಪ ಅದು, ನಮ್ ನೀರ್ಗ ಉಪ್ಪಾಕ್ತಿರೋದು?"

"ನಾನು ಕಣಯ್ಯ. ಮಾಂಬಳ್ಳಿ ಪುಟ್ಟಬಸಪ್ಪ."

"ಯಾಕ್ ಸಾವ್ಕಾರ್ರೆ?"

"ರುಚಿಗೆ."

ದೊಡ್ಡಸಿದ್ದಯ್ಯ ಖಾಲಿ ಮೂಟೆ ನೋಡಿದ, ಗೂಟ ನೋಡಿದ. "ಯಾರ ರುಚಿಗ?"

"ನಮ್ಮನೆಯೋರ ರುಚಿಗ."

"ಅವ್ರು ಇದಷ್ಟೂ ಕುಡೀತಾರಾ?"

ಗಲಾಟೆ ಕೇಳಿ ಚನ್ನಾಜಮ್ಮ ಕೈಗೂಸನ್ನು ಸೊಂಟಕ್ಕೆ ಹಾಕಿಕೊಂಡು ಇಳಿದು ಬಂದಳು. ಹಿಂದೆ ಈರಮ್ಮ, ಅವಳ ಹಿಂದೆ ಆರು ವರ್ಷದ ಮಾದು. ಮಂಜು ಹರಿದಿತ್ತು. ಆಚೆ ದಡ, ದಡದ ಮೇಲೆ ಹುಣಿಸೇಮರ, ಮರದ ಕೆಳಗೆ ಕೂತು ಹಲ್ಲುಜ್ಜುತ್ತಿದ್ದ ಮುದುಕ, ಎಲ್ಲವೂ ನಿಚ್ಚಳವಾಗಿ ಕಾಣುತ್ತಿತ್ತು. ಚನ್ನಾಜಮ್ಮ ಮೂಟೆಯಿಂದ ಗುಂಡಿಗೆ, ಗುಂಡಿಯಿಂದ ಎಮ್ಮೆಗಳಿಗೆ, ಎಮ್ಮೆಗಳಿಂದ ಗಂಡನಿಗೆ ಕಣ್ಣು ಹೊರಳಿಸಿದಳು. ಅವಳಿಗೆ ಎಲ್ಲ ಅರ್ಥವಾಯಿತು.

"ಇದು ಕೆರೆ," ಎಂದಳು.

ಪುಟ್ಟಬಸಪ್ಪ ಉತ್ತರ ಕೊಡುವ ಮುಂಚೆ ದೊಡ್ಡಸಿದ್ದಯ್ಯ ಸಿಡಿದ. "ಅವ್ವಾ, ನೀವು ದೊಡ್ಡೋರು, ಏನಾರ ಅನ್ನಿ. ಕೆರೆ ಅನ್ಬೇಡಿ. ನಮ್ಮಜ್ಜನ ಕಾಲದಿಂದ ಇದು ಸಮುದ್ರ. ಪಕ್ಕದೂರೋರದು ಬೇಕಾದ್ರ ಕೆರೆ, ಕುಂಟೆ, ಗುಂಡಿ, ಏನಾರ ಅನ್ಕೊಳಿ. ನಮ್ದು ಸಮುದ್ರ."

"ನೋಡ್ದೇನೆ?" ಎಂದ ಪುಟ್ಟಬಸಪ್ಪ. "ನಾನಲ್ಲ ಏಳ್ತಿರೋದು."

"ನೀವು ಮಾತಾಡ್ಬೇಡಿ," ಎಂದಳು ಚನ್ನಾಜಮ್ಮ. "ರತ್ನಿ ಮುಂದ ನನ್ನ ಮಕ್ಳು ಏನಂತವೆ? ಮೊನ್ನೆ ಪಾಪ ಅಂದ್ಲು. ನಾಳೀಕ ಊರೆಲ್ಲ ಅಂತದೆ." ಅವಳು ಬೈದಿದ್ದರೆ ಪುಟ್ಟಬಸಪ್ಪ ತಡೆದುಕೊಳ್ಳುತ್ತಿದ್ದ. ಕಣ್ಣಲ್ಲಿ ನೀರು ಕಂಡು ಅವನಿಗೆ ಎಲ್ಲ ಬಗೆಯ ನೀರಿಗಿಂತ ಅದರ ಭಯವೇ ಹೆಚ್ಚಾಯಿತು.

ಆಗ ಈರಮ್ಮ, "ಅಪ್ಪಾ, ಮಾದು ನೋಡು" ಎಂದಳು.

ದೊಡ್ಡವರು ಕೆರೆಯ ಜಾತಕ ಬಿಡಿಸುತ್ತಿದ್ದಾಗ ಮಾದು ಮಲಗಿದ್ದ ಒಂದು ಮುದಿ ಎಮ್ಮೆಯ ಬೆನ್ನೇರಿ ಕೂತಿದ್ದ. ಉಪ್ಪು ತಿಂದು ಬಾಯಾರಿದ ಎಮ್ಮೆ ಎದ್ದು, ತನ್ನ ಪಾಡಿಗೆ ತಾನು ನೀರಿನೊಳಕ್ಕೆ ನಡೆದಿತ್ತು. ಮಾದು ಎರಡು ಕೊಂಬು ಹಿಡಿದುಕೊಂಡು, ಅಮಲ್ದಾರರು ಸರ್ಕೀಟು ಹೋಗುವ ಹಾಗೆ, ಸಮುದ್ರದ ನಡುವಿಗೆ ಹೊರಟಿದ್ದ.

ಪುಟ್ಟಬಸಪ್ಪನ ಕಾಲು ಅವನನ್ನು ಕೇಳಲಿಲ್ಲ. ಪಂಚೆ ಎತ್ತಿ ಕಟ್ಟುವುದನ್ನೂ ಮರೆತು ನೀರಿಗೆ ಹಾರಿದ. ಹಾರಿದವನು ಕಣ್ಣು ಮುಚ್ಚಿ, ಕೈಕಾಲು ಬಡಿದು, ಮಾದಪ್ಪನನ್ನೂ ಬಸವನನ್ನೂ ಅಂದು ಜುಟ್ಟು ಹಿಡಿದ ಪುಣ್ಯಾತ್ಮನನ್ನೂ ಒಟ್ಟಿಗೆ ಕೂಗುತ್ತ ಈಜಿದ. ಎದ್ದ ತೆರೆಗೆ ಆಚೆ ದಡದ ಮುದುಕ ಹಲ್ಲುಜ್ಜುವುದು ಬಿಟ್ಟು ಹುಣಿಸೇಮರ ಹತ್ತಿದ. ಸಮುದ್ರದಲ್ಲಿ ಅಲೆ ಇಲ್ಲವೆಂದು ಇನ್ನು ಯಾರೂ ಆಡಿಕೊಳ್ಳುವ ಹಾಗಿರಲಿಲ್ಲ.

ಹೀಗೆ ಈಜುತ್ತಿದ್ದಾಗ ಪಕ್ಕದಲ್ಲೇ ದೊಡ್ಡಸಿದ್ದಯ್ಯನ ದನಿ ಕೇಳಿಸಿತು. "ಸಾವ್ಕಾರ್ರೆ, ಎದ್ ನಿಂತ್ಕೊಳಿ."

ಕಣ್ಣು ಬಿಟ್ಟರೆ ನೀರಗಂಟಿ ಪಕ್ಕದಲ್ಲಿ ನಿಂತಿದ್ದ. ನೀರು ಅವನ ಮೊಣಕಾಲಿಗೂ ಬಂದಿರಲಿಲ್ಲ. ಎಮ್ಮೆ ಮುಂದೆ ಆರಾಮವಾಗಿ ಮಲಗಿತ್ತು. ಅದರ ಮೇಲಿನಿಂದ ಮಾದು ಅಪ್ಪನನ್ನು ಬಗ್ಗಿ ನೋಡಿ, "ನೀನು ಯಾಕಪ್ಪ ಬುಡ್ಡೀಲಿ ಬಿದ್ದ ಕಪ್ಪೆಯಂಗೆ ಮಾಡ್ತೀಯಾ?" ಎಂದ.

ಪುಟ್ಟಬಸಪ್ಪ ಎದ್ದು ನಿಂತ. ದಡದಲ್ಲಿ ಊರು ಸೇರಿತ್ತು. ಚನ್ನಾಜಮ್ಮ ಮಗುವನ್ನು ಈರಮ್ಮನ ಕೈಗೆ ಕೊಟ್ಟು, ಸೀರೆ ಎತ್ತಿ ಕಟ್ಟಿ ನೀರಿಗಿಳಿದು ಗಂಡನ ಹತ್ತಿರ ಬಂದಳು. ಅವನ ಮೈ ಗಡಗಡ ನಡುಗುತ್ತಿತ್ತು. ಅವಳು ಅವನ ಮುಖವನ್ನೇ ನೋಡಿದಳು.

"ನಿಮ್ಗ ನೀರು ಕಂಡ್ರ ಭಯವಾ?"

"ಊಂ."

"ಯಾವಾಗ್ಲಿಂದ?"

"ನಮ್ಮ ಮದ್ವೆ ದಿನದಿಂದ."

"ಇಷ್ಟು ವರ್ಷ ಏಳ್ಲೇ ಇಲ್ವಲ್ಲ."

"ನೀನು ಕೇಳ್ಲೇ ಇಲ್ವಲ್ಲ."

ಚನ್ನಾಜಮ್ಮ ನಗಬಾರದೆಂದು ತುಟಿ ಕಚ್ಚಿದಳು. ಆಗಲಿಲ್ಲ. ಒಂದು ಸಲ ಶುರುವಾದ ನಗು ಅವಳನ್ನು ನೀರಿನಲ್ಲೇ ಕೂರಿಸಿತು. ಅವಳ ನಗು ನೋಡಿ ಈರಮ್ಮ ನಕ್ಕಳು, ಕೈಗೂಸು ಕೇಕೆ ಹಾಕಿತು, ಊರು ನಕ್ಕಿತು. ಎಮ್ಮೆಗಳು ಮಾತ್ರ ಮರ್ಯಾದೆ ಉಳಿಸಿಕೊಂಡವು. ಸುಧಾರಿಸಿಕೊಂಡು ಎದ್ದ ಚನ್ನಾಜಮ್ಮ ನೇರ ದಡದ ಗುಂಡಿಗೆ ಹೋದಳು. ಎಮ್ಮೆಗಳು ಬಿಟ್ಟಿದ್ದ ಒಂದಿಷ್ಟು ನೀರಿಗೆ ಬೆರಳದ್ದಿ ನಾಲಗೆಗೆ ಇಟ್ಟುಕೊಂಡಳು. ಮುಖ ಹುಳ್ಳಗೆ ಮಾಡಿ ಉಗಿದಳು.

"ಉಪ್ಪು," ಎಂದಳು. ಆಮೇಲೆ ದೊಡ್ಡಸಿದ್ದಯ್ಯನ ಕಡೆ ತಿರುಗಿ, "ನೀವು ಏಳಿದ್ದು ಸರಿ ಕಣಪ್ಪ. ಸಮುದ್ರಾನೇ" ಎಂದಳು.

ನೀರಗಂಟಿ ತೃಪ್ತಿಯಿಂದ ತಲೆಯಾಡಿಸಿ ಎಮ್ಮೆಗಳನ್ನು ಹೊಡೆದುಕೊಂಡು ಹೋದ. ಆ ದಿನವೆಲ್ಲ ಮಕ್ಕಳು ಮರಳಿನಲ್ಲಿ ಗುಡಿ ಕಟ್ಟಿದವು, ಕೆಡವಿದವು. ಮಾದು ಸಂಜೆಯವರೆಗೂ ನೀರಿನಿಂದ ಹೊರಗೆ ಬರಲಿಲ್ಲ. ಪುಟ್ಟಬಸಪ್ಪ ಹೆಂಡತಿಯ ಕೈ ಹಿಡಿದುಕೊಂಡು ಪಾದ ಮುಳುಗುವವರೆಗೆ ಹೋಗಿ ನಿಂತ. ಮಧ್ಯಾಹ್ನದ ಮೇಲೆ ಕೈ ಬಿಟ್ಟೂ ನಿಂತ. ಅದು ಅವನ ಪಾಲಿಗೆ ಹಡಗು ಹತ್ತಿದ ಹಾಗೆ.

ಅವರು ಮಾಂಬಳ್ಳಿಗೆ ಮರಳಿದ ಸ್ವಲ್ಪ ದಿನಕ್ಕೆ, ಕಲ್ಲಿಕೋಟೆಗೆ ಹೊರಟಿದ್ದ ಶಿವರತ್ನಮ್ಮ ಗಂಡ ಮಕ್ಕಳೊಂದಿಗೆ ಹೇಳಿಹೋಗಲು ಬಂದಳು. ಕಾಫಿ ಕೈಗೆ ಬರುವ ಮೊದಲೇ ಮಾದು ಎದುರಿಗೆ ನಿಂತು, "ಚಿಕ್ಕವ್ವ, ನಾನು ಸಮುದ್ರದಲ್ಲಿ ಎಮ್ಮೆ ಮ್ಯಾಲ ಓಗಿದ್ದೆ" ಎಂದ.

ಪುಟ್ಟಬಸಪ್ಪ ಬಾಯಿಗೆ ಹಾಕಲಿದ್ದ ಅಡಿಕೆಯನ್ನು ಕೆಳಗಿಟ್ಟ.

"ಸಮುದ್ರದಲ್ಲಿ ಎಮ್ಮೆ ಎಲ್ಲಿಂದ ಬಂತೋ?" ಎಂದು ಶಿವರತ್ನಮ್ಮ ನಕ್ಕಳು. ಅವಳ ಮಕ್ಕಳೂ ನಗಲು ಬಾಯಿ ತೆರೆದವು.

ರುದ್ರಸ್ವಾಮಿ ನಗುತ್ತ ಷಡ್ಡಕನ ಕಡೆ ತಿರುಗಿದ. "ಅಣ್ಣಾರೇ, ನೀವು ಸುಳ್ಳು ಹೇಳೋರಲ್ಲ. ನೀವೇ ಹೇಳಿ. ಸಮುದ್ರದಲ್ಲಿ ಎಮ್ಮೆ ಇದ್ದುದು ನಿಜವಾ?"

"ನಿಜ. ಒಂದು ಮಂದೆ ಇತ್ತು."

"ಯಾವ ಸಮುದ್ರ?"

"ಮದರಾಸು ಸೀಮೇದು."

"ಮದರಾಸು ಸೀಮೇಲಿ ಎಲ್ಲಿ?"

ಕೇಳಿಯೇ ಬಿಟ್ಟಿದ್ದ. ಕೇಳಿದ ಮೇಲೆ ಹೇಳಲೇಬೇಕು. ಪುಟ್ಟಬಸಪ್ಪ ಬಾಯಿ ತೆರೆದ. ಅಷ್ಟರಲ್ಲಿ ಚನ್ನಾಜಮ್ಮ ಅಡುಗೆಮನೆಯಿಂದ ಕಾಫಿ ಲೋಟಗಳೊಂದಿಗೆ ಬಂದು, ತಂಗಿಯ ಪಕ್ಕದಲ್ಲಿ ಕೂತು, ಅವಳ ತೊಡೆಯ ಮೇಲೆ ಕೈಯಿಟ್ಟಳು.

"ಯಾಕ ರತ್ನಿ, ನಿಮ್ಮ ಕಲ್ಲಿಕೋಟೆ ಸಮುದ್ರದಲ್ಲಿ ಎಮ್ಮೆ ಇಲ್ವಾ?"

"ಇಲ್ಲ ಕನಕ್ಕ."

"ಒಂದೂ?"

ಶಿವರತ್ನಮ್ಮ ಗಂಡನ ಮುಖ ನೋಡಿದಳು. ಅವನು ಇಲ್ಲವೆಂದು ತಲೆಯಾಡಿಸಿದ.

"ಮತ್ತ ಮಕ್ಳು ಏನ್ ಮಾಡ್ತವೆ ಅಲ್ಲಿ? ಬರೀ ನೀರು ನೋಡ್ಕೊಂಡು ಕೂತಿರ್ತವಾ?" ಚನ್ನಾಜಮ್ಮ ಶಿವರತ್ನಮ್ಮನ ಮಗನನ್ನು ಹತ್ತಿರ ಎಳೆದುಕೊಂಡು ತಲೆ ಸವರಿದಳು. "ಪಾಪ" ಎಂದು ಬಾಯಿಬಿಟ್ಟು ಅನ್ನಬೇಕಾಗಿಯೇ ಇರಲಿಲ್ಲ.

ಮಗ ಅವಳ ಕೈ ಬಿಡಿಸಿಕೊಂಡು ತಾಯಿಯ ಹತ್ತಿರ ಓಡಿಹೋಗಿ, "ಅವ್ವಾ, ನಂಗೂ ಎಮ್ಮೆ ಇರೋ ಸಮುದ್ರ ಬೇಕು" ಎಂದು ಅಳು ತೆಗೆದ. ಮಗಳೂ ಸೇರಿಕೊಂಡಳು. ಶಿವರತ್ನಮ್ಮ ಅವರಿಬ್ಬರನ್ನು ಸುಮ್ಮನಿರಿಸಲು ನೋಡಿ, ಆಗದೆ, ಗಂಡನ ಕಡೆ ತಿರುಗಿದಳು.

"ಸರಕಾರದೋರು ನಿಮ್ಮನ್ನೇ ಹುಡ್ಕಿ ಆ ಕಡೆ ಯಾಕ್ ಆಕಿದ್ರು? ಎಮ್ಮೆ ಇರೋ ಕಡೆಗೆ ಕೇಳ್ಬೋದಿತ್ತಲ್ಲ, ನಿಮ್ಗ ಬಾಯಿ ಇರ್ಲಿಲ್ವಾ?"

ರುದ್ರಸ್ವಾಮಿ ಲೋಟ ಕೆಳಗಿಟ್ಟ. ಮದರಾಸು ಅರಣ್ಯ ಇಲಾಖೆಯ ಯಾವ ಕಚೇರಿಯಿಂದ ಅಂಥ ಸಮುದ್ರ ಕಾಣುತ್ತದೆಂದು ಒಂದೊಂದನ್ನೇ ನೆನಪಿಗೆ ತಂದುಕೊಳ್ಳುತ್ತ ಕೂತ. ಕಾಫಿ ಆರಿಹೋಯಿತು.